ವಿಯೆಟ್ನಾಂ ಮುಟ್ಟುವ ಮೊದಲು ಕಾರವಾರಕ್ಕೆ ಒಂಬತ್ತು ಸಲ

ಶೆಟಗೇರಿ

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ಹಮ್ಮಣ್ಣ ದೊಡ್ಡಪ್ಪ, ನಮ್ಮ ಅಪ್ಪನ ಅಣ್ಣ. ನಾನು ಹತ್ತನೇ ಇಯತ್ತೆ ಪಾಸಾಗುವುದು ಆಗುವ ಮಾತಲ್ಲ ಎಂದವನೂ ಅವನೇ. ಬಿ.ಎಸ್ಸಿ. ಮಾಡುತ್ತೇನೆ ಎಂದಾಗಲೂ ಅದೇ ಜಗಲಿ, ಅದೇ ಎಲೆ ಅಡಿಕೆ, ಅದೇ ಮಾತು. ಹಾಗಾಗಿ ವಿಯೆಟ್ನಾಮಿನ ಸುದ್ದಿ ಹೇಳಲು ಹೋದ ದಿನ ಅವನ ಉತ್ತರವನ್ನು ಮನಸ್ಸಿನಲ್ಲೇ ಹೇಳಿಕೊಂಡು ಮೆಟ್ಟಿಲು ಹತ್ತಿದ್ದೆ.

“ನಮ್ಮ ಮನೆತನದಾಗೆ ಗಂಗಾವಳಿ ದಾಟಿ ಗೋಕರ್ಣಕ್ಕೆ ಹೋಗ್ ಬಂದ್ರೇ ನಾಕ್ ದಿವ್ಸ ಅದೇ ಮಾತು,” ಅಂದ. “ನೀ ಸಮುದ್ರ ದಾಟೂದಾ? ಆಗೂ ಮಾತ್ ಹೇಳು ತಂಗೀ.”

“ಕೆಲ್ಸದವ್ರೇ ಕಳಸ್ತ್ರು ದೊಡ್ಡಪ್ಪಾ. ಕಾಗ್ದ ಬಂದಾಯ್ತು.”

“ಕಾಗ್ದ ಬರೂದು ಬೇರೆ, ಜನ ಹೋಗೂದು ಬೇರೆ.”

ನನಗೆ ಸಿಟ್ಟು ಬಂತು. ಎರಡು ವಾರ ಕಳೆಯುವಷ್ಟರಲ್ಲಿ ಅವನ ಮಾತು ಎಷ್ಟು ಖರೆ ಎಂದು ತಿಳಿಯಿತು.

ಕೆಲಸದ ವಿಷಯ ಹೇಳಿಬಿಡುತ್ತೇನೆ. ಅಂಕೋಲೆಯ ಕಡಲ ಬದಿಗೆ ಸಿಗಡಿ ಮರಿ ಬೆಳೆಸುವ ಒಂದು ಹ್ಯಾಚರಿ ಇದೆ. ಸಿಗಡಿಗೆ ನಾವು ಶೆಟ್ಲಿ ಅನ್ನುವುದು. ಅಲ್ಲಿ ನೀರು ಪರೀಕ್ಷೆ ಮಾಡುವವಳು ನಾನು. ಉಪ್ಪು ಎಷ್ಟು, ಅಮೋನಿಯಾ ಎಷ್ಟು, ಈ ನೀರಿನಲ್ಲಿ ಮರಿ ಬದುಕುತ್ತದೋ ಇಲ್ಲವೋ ಎಂದು ಹೇಳುವ ಕೆಲಸ. ನಮ್ಮ ಹ್ಯಾಚರಿಗೂ ವಿಯೆಟ್ನಾಮಿನ ಒಂದು ಹ್ಯಾಚರಿಗೂ ವ್ಯವಹಾರವಿದೆ. ವರ್ಷಕ್ಕೊಬ್ಬರನ್ನು ಮೂರು ತಿಂಗಳ ತರಬೇತಿಗೆ ಅಲ್ಲಿಗೆ ಕಳಿಸುತ್ತಾರೆ. ಆ ವರ್ಷ ನನ್ನ ಹೆಸರು ಬಂತು. ನನಗೆ ಹೋಗಲಾಗದಿದ್ದರೆ ಇರಲಿ ಎಂದು ಕೆಳಗೆ ಕುಮಟೆಯ ಸಹೋದ್ಯೋಗಿಯೊಬ್ಬನ ಹೆಸರನ್ನೂ ಬರೆದಿದ್ದರು. ಕಾಗದ ತೆಗೆದು ಓದಿದಾಗಲೆಲ್ಲ ನನ್ನ ಕಣ್ಣು ಆ ಕೆಳಗಿನ ಹೆಸರಿಗೇ ಹೋಗುತ್ತಿತ್ತು.

ಹೋಗಿ ಬಂದು ಈಗ ಕೆಲವು ತಿಂಗಳಾಯಿತು. ಸಿಕ್ಕವರೆಲ್ಲ ವಿಮಾನದ ಬಗ್ಗೆ ಕೇಳುತ್ತಾರೆ, ಅಲ್ಲಿ ಹಾವು ತಿನ್ನುತ್ತಾರಂತೆ ಹೌದಾ ಎಂದು ಕೇಳುತ್ತಾರೆ. ಗೊತ್ತಿದ್ದಷ್ಟು ಹೇಳುತ್ತೇನೆ. ಆದರೆ ನನ್ನ ಪರದೇಶ ಪ್ರವಾಸದ ದೊಡ್ಡ ಪಾಲು ನಡೆದದ್ದು ಶೆಟಗೇರಿ, ಅಂಕೋಲೆ, ಬಿಣಗಾ, ಕಾರವಾರಗಳ ನಡುವೆ, ಬಸ್ಸಿನಲ್ಲಿ, ಹೆಚ್ಚಾಗಿ ನಿಂತುಕೊಂಡು. ವಿಮಾನದಲ್ಲಿ ಕೂರಲು ಸೀಟಾದರೂ ಇತ್ತು.

ಮ್ಯಾನೇಜರರು ಕೇಳಿದ್ದು ಎರಡೇ ಎರಡು: ಪಾಸ್‌ಪೋರ್ಟ್, ಮತ್ತು ಪದವಿ ಪತ್ರದ ಅಸಲು ಪ್ರತಿ. ಪಾಸ್‌ಪೋರ್ಟ್ ಮಾಡಿಸಿ ಟ್ರಂಕಿನಲ್ಲಿಟ್ಟಿದ್ದೆ. ಪದವಿ ಪತ್ರ ಗೋಡೆಯ ಮೇಲಿತ್ತು.

ದೇವರ ಪಟಗಳ ಸಾಲಿನಲ್ಲಿ, ವೆಂಕಟರಮಣನ ಪಕ್ಕಕ್ಕೆ. ನಮ್ಮ ಮನೆಯಲ್ಲಿ ಮೊದಲ ಪದವಿ ಅದು, ನಮ್ಮ ಕೇರಿಯಲ್ಲೂ ಮೊದಲನೆಯದೇ. ನನ್ನ ತಾಯಿ ಅವ್ವಿಯ ಜೊತೆ ಬೆಳಗಿನ ಬಸ್ಸಿಗೆ ಹರಿವೆ ಬಸಳೆ ಕಟ್ಟು ಹೊತ್ತು ಅಂಕೋಲೆಯಲ್ಲಿ ಇಳಿದು, ಅವಳ ಬುಟ್ಟಿಯನ್ನು ಪೇಟೆ ಬದಿಗೆ ಇಳಿಸಿ, ಕೈ ತೊಳೆದುಕೊಂಡು ಕಾರವಾರದ ಬಸ್ಸು ಹಿಡಿದು ಮಾಡಿದ ಪದವಿ. ಎರಡನೇ ವರ್ಷ ರಸಾಯನಶಾಸ್ತ್ರ ಉಳಿದಿತ್ತು. ಮತ್ತೆ ಕಟ್ಟಿ ಪಾಸು ಮಾಡಿದೆ. ಈಗ ಅದೇ ರಸಾಯನಶಾಸ್ತ್ರದಿಂದ ಅನ್ನ ತಿನ್ನುತ್ತೇನೆ.

ಪತ್ರ ಮನೆಗೆ ಬಂದ ದಿನ ಅವ್ವಿ ಅದರ ಮೂಲೆಗೆ ಕುಂಕುಮ ಹಚ್ಚಿದಳು, ಆಯುಧ ಪೂಜೆಯ ದಿನ ಕತ್ತಿ ಹಾರೆಗೆ ಹಚ್ಚುವ ಹಾಗೆ. ಮರುವಾರ ಅಂಕೋಲೆಗೆ ಒಯ್ದು ಲ್ಯಾಮಿನೇಶನ್ ಮಾಡಿಸಿಕೊಂಡು ಬಂದಳು. ನಮ್ಮಲ್ಲಿ ಮಳೆಗಾಲ ಅಂದರೆ ಚಪ್ಪಲಿಗೆ ಬೂಷ್ಟು, ಬೆಲ್ಟಿಗೆ ಬೂಷ್ಟು, ಪೆಟ್ಟಿಗೆಯಲ್ಲಿಟ್ಟ ಸೀರೆಗೂ ಬೂಷ್ಟು. ರೇಷನ್ ಕಾರ್ಡಿನಿಂದ ಹಿಡಿದು ಅಜ್ಜನ ಫೋಟೋದವರೆಗೆ ಬೆಲೆಯುಳ್ಳದ್ದೆಲ್ಲ ಪ್ಲಾಸ್ಟಿಕ್ಕಿನೊಳಗೆ ಹೋಗುವುದು ನಮ್ಮ ಕಡೆಯ ಪದ್ಧತಿ. ಕುಂಕುಮವೂ ಪತ್ರದ ಜೊತೆ ಒಳಗೇ ಉಳಿಯಿತು. ನಾಲ್ಕು ಮಳೆಗಾಲ ದಾಟಿದರೂ ಬಣ್ಣ ಹೋಗಿರಲಿಲ್ಲ. ಮನೆಗೆ ಬಂದವರಿಗೆಲ್ಲ ಅವ್ವಿ ತೋರಿಸುತ್ತಿದ್ದಳು. ಓದಲು ಬಾರದವಳು ಬೆರಳಿಟ್ಟು, “ಇಲ್ಲಿ ಅದೆ ನೋಡಿ ನಮ್ಮ ಹುಡ್ಗಿ ಹೆಸ್ರು,” ಎನ್ನುತ್ತಿದ್ದಳು. ಬೆರಳು ಒಂದು ಸಲವೂ ತಪ್ಪಿದ್ದಿಲ್ಲ.

ಚೌತಿ ಮುಗಿದ ಮರುದಿನ ಅದನ್ನು ಮೊಳೆಯಿಂದ ಇಳಿಸಿ, ಟವೆಲಿನಲ್ಲಿ ಸುತ್ತಿ, ಕಾರವಾರದ ಬಸ್ಸು ಹತ್ತಿದೆ.

ಕಾರವಾರ

ಕಾರವಾರದಲ್ಲಿ ಪರದೇಶದ ಕಾಗದಪತ್ರ ಮಾಡಿಸಿಕೊಡುವ ಏಜೆಂಟರೊಬ್ಬರಿದ್ದಾರೆ. ಕೊಂಕಣಿ ಮನೆಮಾತಿನವರು. ಕನ್ನಡ ಶುರು ಮಾಡಿ ಕೊಂಕಣಿಯಲ್ಲಿ ಮುಗಿಸುತ್ತಾರೆ. ನಾನು ಟವೆಲು ಬಿಚ್ಚಿ ಪತ್ರವನ್ನು ಮೇಜಿನ ಮೇಲಿಟ್ಟೆ. ಅವರು ಕನ್ನಡಕ ಏರಿಸಿಕೊಂಡರು, ಪತ್ರವನ್ನು ಎತ್ತಿ ಬಗ್ಗಿಸಿ ನೋಡಿದರು. ಪ್ಲಾಸ್ಟಿಕ್ಕು ಟಪ್ ಎಂದು ಸದ್ದು ಮಾಡಿತು.

“ಜಾಯ್ನಾ ಬಾಯೀ,” ಎಂದರು. “ಇದು ಆಗೂದಿಲ್ಲ.”

“ಎಂತಾ ಆಗೂದಿಲ್ಲ? ಅಸಲು ಪ್ರತಿ ಇದೇ.”

“ಅಸಲೇ. ಆದ್ರೆ ಇದ್ರ ಬೆನ್ನಿಗೆ ಬೆಂಗಳೂರಿಂದು ಒಂದು ಸೀಲು, ದಿಲ್ಲಿದು ಎರಡು ಸೀಲು ಬೀಳ್ಬೇಕು. ಪ್ಲಾಸ್ಟಿಕ್ ಮೇಲೆ ಸೀಲ್ ಕೂರ್ತದಾ? ನೀವೇ ಹೇಳಿ.” ಅವರು ತಮ್ಮ ಅಂಗಡಿಯ ಸೀಲನ್ನೇ ತೆಗೆದು ಒಂದು ಪ್ಲಾಸ್ಟಿಕ್ ಫೈಲಿನ ಮೇಲೆ ಒತ್ತಿ, ಬೆರಳಿನಿಂದ ಒರೆಸಿ ತೋರಿಸಿದರು. ನೇರಳೆ ಮಸಿ ಅವರ ಬೆರಳಿಗೆ ಬಂತು, ಫೈಲಿನ ಮೇಲೆ ಏನೂ ಉಳಿಯಲಿಲ್ಲ. “ಮತ್ತೆ ಈ ಕೆಂಪು ಕಲೆ ಎಂತದು?”

“ಕುಂಕುಮ.”

ಅವರು ನಗಲಿಲ್ಲ. “ನೀವು ಮೊದಲನೆಯವ್ರಲ್ಲ. ಒಬ್ರು ಅರಿಶಿಣ ಹಚ್ಕೊಂಡ್ ಬಂದಿದ್ರು.” ಆಮೇಲೆ ಗೋಡೆಯ ಕ್ಯಾಲೆಂಡರಿನಲ್ಲಿ ದಸರೆ ಮುಗಿದ ವಾರದ ಶುಕ್ರವಾರದ ಮೇಲೆ ಬೆರಳಿಟ್ಟರು. “ಈ ದಿವ್ಸದೊಳಗೆ ಪ್ಲಾಸ್ಟಿಕ್ ಇಲ್ಲದ ಕಾಗ್ದ ನನ್ನ ಮೇಜಿನ ಮೇಲಿರ್ಬೇಕು. ಇದ್ರೆ ದೀಪಾವಳಿ ಮುಗ್ಸಿ ವಿಮಾನ ಹತ್ತಿ. ಇಲ್ಲಾಂದ್ರೆ ಈ ವರ್ಷ ಆ ಕುಮಟೆಯವರೇ ಹೋಗ್ಲಿ, ಬಾಯೀ. ಅವರ ಪತ್ರ ನೋಡಿದೆ, ಕೋರಾ ಕಾಗದ, ಪ್ಲಾಸ್ಟಿಕ್ ಇಲ್ಲ.”

ಹೊರಗೆ ಬಂದು ರಸ್ತೆಯಲ್ಲಿ ನಿಂತೆ. ರಿಕ್ಷಾದವರು ಎಲ್ಲಿಗೆ ಎಲ್ಲಿಗೆ ಎಂದು ಕೇಳಿದರು. ಎಲ್ಲಿಗೆ ಎಂದು ನನಗೂ ಗೊತ್ತಿರಲಿಲ್ಲ. ಬಸ್‌ಸ್ಟ್ಯಾಂಡಿನ ಕಡೆಗೆ ನಡೆದೆ, ಅರ್ಧದಿಂದ ತಿರುಗಿ ಬಂದೆ, ಮತ್ತೆ ನಡೆದೆ. ಯಾರ ಮೇಲೆ ಸಿಟ್ಟು ಮಾಡುವುದು? ಅವ್ವಿಯ ಮೇಲೆ ಮಾಡಲು ಬರುವುದಿಲ್ಲ. ಅವಳು ಮಾಡಿದ್ದು ಕಾಪಾಡುವುದಕ್ಕೆ. ಅದಕ್ಕೇ ಇನ್ನೂ ಸಿಟ್ಟು ಬರುತ್ತಿತ್ತು.

ಅವ್ವಿಗೆ ಹೇಳಬಾರದು ಎಂದು ಅಲ್ಲೇ ನಿಶ್ಚಯ ಮಾಡಿದೆ. ಪ್ಲಾಸ್ಟಿಕ್ಕನ್ನು ಗುಟ್ಟಾಗಿ ಬಿಡಿಸಿ, ಸೀಲು ಹಾಕಿಸಿ, ಹಿಂದಿನ ಹಾಗೆಯೇ ಗೋಡೆಗೆ ಹಾಕಿದರಾಯಿತು.

ಬಿಣಗಾ

ಬಿಣಗಾದಲ್ಲಿ ಹೆದ್ದಾರಿಯ ಬದಿಗೆ ಕಾರ್ಖಾನೆಯ ಕೆಲಸಗಾರರ ಮನೆಗಳಿವೆ. ಅಲ್ಲಿ ಗೌರಕ್ಕನ ಮನೆ. ಹಮ್ಮಣ್ಣ ದೊಡ್ಡಪ್ಪನ ಮಗಳೇ ಅವಳು. ಅವಳ ಗಂಡ, ನಮ್ಮ ಭಾವ, ಕೆಮಿಕಲ್ ಕಾರ್ಖಾನೆಯಲ್ಲಿ ಶಿಫ್ಟಿನ ಮೇಲೆ ಇದ್ದಾರೆ. ರಸಾಯನದ ನಡುವೆ ದುಡಿಯುವವರಿಗೆ ಪ್ಲಾಸ್ಟಿಕ್ ಬಿಡಿಸುವ ಉಪಾಯ ಗೊತ್ತಿರುತ್ತದೆ ಎಂದು ನಾನು ಹೇಗೆ ನಂಬಿದೆನೋ. ಬಿ.ಎಸ್ಸಿ. ಓದಿದವಳು ನಾನು, ಅವರಲ್ಲ.

“ಫ್ರಿಜ್ಜಿನಾಗೆ ಇಡೂದು,” ಎಂದರು ಭಾವ, ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕುತ್ತ. “ತಣ್ಣಗಾದ್ರೆ ಪ್ಲಾಸ್ಟಿಕ್ ಬಿರುಸಾತದೆ. ಆಮೇಲೆ ಬ್ಲೇಡ್ ಹಾಕಿ ಎಬ್ಬಸೂದು. ಬಾಳೆ ನಾರ್ ತೆಗದ್ಹಂಗೆ ಬತ್ತದೆ.”

ಗೌರಕ್ಕ ಫ್ರಿಜ್ಜಿನ ಮೇಲಿನ ಖಾನೆಯಿಂದ ಐಸು ಹಿಡಿದ ಬಂಗಡೆಗಳನ್ನು ಒತ್ತರಿಸಿ ಜಾಗ ಮಾಡಿದಳು. “ಪದವಿಗೆ ಮೀನ್ ವಾಸ್ನೆ ಬಂದ್ರೆ ನಂಗ್ ಹೇಳ್ಬೇಡ,” ಅಂದಳು.

ಮಧ್ಯಾಹ್ನವಿಡೀ ಅಲ್ಲಿಯೇ ಇದ್ದೆ. ಕುಳಿತೆ ಎನ್ನುವುದಿಲ್ಲ. ಹೊರಗೆ ಲಾರಿಗಳು ಗೋವೆಯ ಕಡೆಗೆ, ಮಂಗಳೂರಿನ ಕಡೆಗೆ ಹೋಗುತ್ತಿದ್ದವು. ನಾನು ಬಾಗಿಲಿಗೆ ಬಂದು ಲಾರಿ ನೋಡುವುದು, ಒಳಗೆ ಹೋಗಿ ಫ್ರಿಜ್ಜು ತೆಗೆದು ಮುಟ್ಟಿ ನೋಡುವುದು. ಗೌರಕ್ಕ ಎರಡು ಸಲ ಸುಮ್ಮನಿದ್ದಳು. ಮೂರನೇ ಸಲ, “ಹಿಂಗೇ ತೆಗದ್ ತೆಗದ್ ನೋಡಿದ್ರೆ ಅದು ತಣ್ಣಗಾಗೂದ್ ಯಾವಾಗ? ಮೊಟ್ಟೆ ಮೇಲ್ ಕೂತ ಕೋಳಿಗೆ ಇರೂ ಬುದ್ಧಿನೂ ಇಲ್ಲ,” ಎಂದು ಬೈದಳು.

ಮೂರು ತಾಸು ಬಿಟ್ಟು ಭಾವ ಪತ್ರ ಹೊರಗೆ ತೆಗೆದರು. ಕೆಳಗಿನ ಎಡ ಮೂಲೆಗೆ ಬ್ಲೇಡು ಹಾಕಿದರು. ಪ್ಲಾಸ್ಟಿಕ್ಕು ಎದ್ದಿತು. ಒಂದು ಬೆರಳಗಲ ಬಂದಿತು, ಎರಡು ಬೆರಳಗಲ ಬಂದಿತು. ಆಮೇಲೆ ನೋಡಿದರೆ ಪತ್ರದ ಅಂಚಿನ ಬಳ್ಳಿಯ ಚಿತ್ರ ಪ್ಲಾಸ್ಟಿಕ್ಕಿನ ಜೊತೆಗೇ ಎದ್ದು ಬಂದಿತ್ತು. ಕಾಗದದ ಮೇಲೆ ಬಿಳಿ ಗಾಯ.

ಭಾವ ಬ್ಲೇಡನ್ನು ಕೆಳಗಿಟ್ಟರು. ಎದ್ದ ಚೂರನ್ನು ಬೆರಳಿನಿಂದ ಒತ್ತಿ ಕೂರಿಸಲು ನೋಡಿದರು. ಕಡೆಗೆ ಹೇಳಿದರು. “ಇನ್ನ್ ಎಳದ್ರೆ ನಿನ್ನ ಹೆಸ್ರೂ ನನ್ನ ಕೈಗೇ ಬತ್ತದೆ ಸುಮಿತ್ರಾ. ಬೇಡ.”

ಬರುವಾಗ ಬಸ್ಸಿನಲ್ಲಿ ಪತ್ರದಿಂದ ಹೌದೋ ಅಲ್ಲವೋ ಎನ್ನುವಷ್ಟು ಮೀನಿನ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಕೂತಿದ್ದ ಹೆಂಗಸು, “ಬಂಗಡೆನಾ? ಇವತ್ತು ಎಷ್ಟಕ್ಕೆ ಸಿಕ್ತು?” ಎಂದು ಕೇಳಿದಳು.

ಕಾರವಾರ, ಎರಡನೆಯ ಸಲ, ಮೂರನೆಯ ಸಲ

ಏಜೆಂಟರು ಮೂಲೆ ನೋಡಿ ನಾಲಿಗೆ ಕಚ್ಚಿಕೊಂಡರು. ನಾನು ಹೇಳುವ ಮೊದಲೇ, “ಫ್ರಿಜ್ಜಾ?” ಎಂದರು. ಕಾಲೇಜಿನ ಕಚೇರಿಯಲ್ಲಿ ಕೇಳಿ, ಹೊಸ ಪ್ರತಿ ಕೊಡುತ್ತಾರೆ ಎಂದು ಕಳಿಸಿದರು.

ಮೂರನೆಯ ಸಲ ಹೋದದ್ದು ಅದಕ್ಕೆ. ನಾನು ಓದಿದ ಕಾಲೇಜೇ, ಅದೇ ಕಿಟಕಿ. ಆದರೆ ಒಳಗೆ ಕೂತವರು ಹೊಸಬರು, ನಡುವಯಸ್ಸಿನ ಒಬ್ಬ ಹೆಂಗಸು, ಗುಮಾಸ್ತೆ. ಸಮಾಧಾನದಿಂದ ಹೇಳಿದರು. ವಿಶ್ವವಿದ್ಯಾಲಯದಿಂದ ದ್ವಿತೀಯ ಪ್ರತಿ ಸಿಗುತ್ತದೆ. ಅರ್ಜಿ ಕೊಡಬೇಕು, ಕಾರಣ ಬರೆಯಬೇಕು. ಒಂದು ತಿಂಗಳು ಬೇಕು, ಕೆಲವೊಮ್ಮೆ ಹೆಚ್ಚು. ಮತ್ತು ಈ ಹಳೆಯದನ್ನು ಒಪ್ಪಿಸಬೇಕು.

“ಒಪ್ಪಿಸಿದ್ದು ತಿರುಗಿ ಕೊಡ್ತೀರಾ?”

“ಇಲ್ಲಮ್ಮ. ಒಬ್ಬರಿಗೆ ಒಂದೇ ಪದವಿ, ಒಂದೇ ಪತ್ರ. ಹಳೇದನ್ನು ಅಡ್ಡಗೆರೆ ಎಳೆದು ರದ್ದು ಮಾಡ್ತಾರೆ.”

ಅರ್ಜಿ ತೆಗೆದುಕೊಂಡೆ. ಕಾರಣ ಎಂಬಲ್ಲಿ ಎರಡು ಸಾಲು ಖಾಲಿ ಜಾಗವಿತ್ತು. “ಹಾಳಾಗಿದೆ” ಎಂದು ಬರೆದರೆ ಸಾಕಂತೆ. ಕಿಟಕಿಯ ಕಟ್ಟೆಯ ಮೇಲೆ ಅರ್ಜಿ ಇಟ್ಟು ಪೆನ್ನಿನ ಟೊಪ್ಪಿ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಬರೆಯಲಿಕ್ಕೆ ಕೈ ಬರಲಿಲ್ಲ. ಅರ್ಜಿ ಮಡಿಸಿ ಚೀಲಕ್ಕೆ ಹಾಕಿಕೊಂಡು ಹೊರಟೆ.

ಅಂಕೋಲೆ

ಸಿಟ್ಟು ತೀರಿಸಲು ಒಬ್ಬ ಸಿಕ್ಕಿದ, ಲ್ಯಾಮಿನೇಶನ್ ಮಾಡಿದ ಝೆರಾಕ್ಸ್ ಅಂಗಡಿಯವ. ಅಂಕೋಲೆಯಲ್ಲಿ ಇಳಿದವಳೇ ನೆಟ್ಟಗೆ ಅವನ ಅಂಗಡಿಗೆ ಹೋದೆ. ಪತ್ರವನ್ನು ಅವನ ಮುಂದೆ ಹಿಡಿದು, “ಅಸಲು ಪ್ರತಿಗೆ ಯಾರಾದ್ರೂ ಪ್ಲಾಸ್ಟಿಕ್ ಹಾಕ್ತಾರಾ? ಓದಿದವ್ರಲ್ಲವಾ ನೀವು?” ಎಂದು ಕೇಳಿದೆ.

ಅವನಿಗೆ ನೆನಪಿತ್ತು. “ಅಕ್ಕಾ, ನಾನು ಹಾಕೂದಿಲ್ಲ ಅಂದಿದ್ದೆ. ನಿಮ್ಮ ಅವ್ವಿ ಕೇಳಬೇಕಲ್ಲ? ಮೂರು ದಿವ್ಸ ಬಂದ್ರು. ಮೊದಲ್ನೇ ದಿವ್ಸ ಪ್ಲಾಸ್ಟಿಕ್ ಎಷ್ಟು ದಪ್ಪ ಅಂತ ಮುಟ್ಟಿ ನೋಡಿ ಹೋದ್ರು. ಎರಡನೇ ದಿವ್ಸ ಒಂದು ಖಾಲಿ ಕಾಗದ ತಂದು, ಇದಕ್ಕೆ ಹಾಕಿ ತೋರ್ಸು, ಸುಡ್ತದೋ ಅಂದ್ರು. ಮೂರನೇ ದಿವ್ಸ ಇದನ್ನ ತಂದ್ರು. ಮಷೀನ್ ಒಳಗೆ ಹೋಗಿ ಈ ಕಡೆ ಬರೂತನಕ ಕೈ ಮುಗಿದು ನಿಂತಿದ್ರು. ನಾನೆಂತ ಮಾಡ್ಲಿ?”

ನಾನು ಪತ್ರವನ್ನು ಮತ್ತೆ ಟವೆಲಿನಲ್ಲಿ ಸುತ್ತಿದೆ. ಮೂರು ದಿವಸದ ವಿಷಯ ಅವ್ವಿ ಒಂದು ದಿನವೂ ಹೇಳಿದ್ದಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ವಿಯೆಟ್ನಾಮಿನಲ್ಲಿ ನಾನು ಉಳಿದದ್ದು ಹ್ಯಾಚರಿಯ ಹತ್ತಿರ ಒಬ್ಬ ಹೆಂಗಸಿನ ಮನೆಯಲ್ಲಿ. ನದಿ ಕಡಲಿಗೆ ಸೇರುವ ಜಾಗ, ನಮ್ಮ ಗಜನಿ ಗದ್ದೆಗಳ ಹಾಗೆಯೇ ಮಳೆಗಾಲಕ್ಕೆ ಭತ್ತ, ಉಪ್ಪುನೀರು ಏರಿದ ಮೇಲೆ ಶೆಟ್ಲಿ. ಇದೆಲ್ಲ ನಮ್ಮಲ್ಲೂ ಉಂಟು ಎಂದು ಕೈಸನ್ನೆಯಲ್ಲಿ ಹೇಳಿದರೆ ಅವಳು ನಂಬುತ್ತಿರಲಿಲ್ಲ. ಮೊದಲ ದಿನವೇ ನನ್ನ ಕೈ ಹಿಡಿದು ಒಳಗೆ ಕರೆದುಕೊಂಡು ಹೋಗಿ ಗೋಡೆ ತೋರಿಸಿದಳು. ಹಿರಿಯರ ಫೋಟೋ, ಅದರ ಮುಂದೆ ಊದುಬತ್ತಿ, ಹಣ್ಣು. ಪಕ್ಕದಲ್ಲಿ ಮಗಳ ಶಾಲೆಯ ಪತ್ರಗಳ ಸಾಲು, ಎಲ್ಲವೂ ಪ್ಲಾಸ್ಟಿಕ್ಕಿನೊಳಗೆ. ನನಗೆ ನಗು ತಡೆಯಲಾಗಲಿಲ್ಲ. ಅವಳೂ ನಕ್ಕಳು, ಯಾಕೆಂದು ತಿಳಿಯದೆ. ಮಗಳಿಗೆ ಇಂಗ್ಲಿಷ್ ಬರುತ್ತಿತ್ತು. ಅಸಲು ಪ್ರತಿಗೆ ಇನ್ನು ಹಾಕಿಸಬೇಡಿ ಎಂದು ಅವಳ ಹತ್ತಿರ ಹೇಳಿಸಿದೆ. ತಾಯಿ ಕೇಳಿದಳು, ತಲೆ ಆಡಿಸಿದಳು, ಮಗಳ ಕಡೆ ತಿರುಗಿ ಏನೋ ಅಂದಳು. “ನಮ್ಮ ಮಳೆ ಇವಳಿಗೇನು ಗೊತ್ತು ಅಂತಾಳೆ,” ಎಂದಳು ಮಗಳು.

ಶೆಟಗೇರಿ, ಅದೇ ಸಂಜೆ

ಅಂಕೋಲೆ ಪೇಟೆ ಎಷ್ಟು ದೊಡ್ಡದು? ಝೆರಾಕ್ಸ್ ಅಂಗಡಿಯಿಂದ ಅವ್ವಿ ತರಕಾರಿ ಇಟ್ಟು ಕೂರುವ ಜಾಗಕ್ಕೆ ನಾಲ್ಕು ಹೆಜ್ಜೆ. ನಾನು ಹ್ಯಾಚರಿಗೆ ಹೋಗಿ, ಅವ್ವಿಗೆ ಮುಖ ತೋರಿಸಲಾಗದೆ ಹೊತ್ತು ಕಳೆದು ಮನೆಗೆ ಬರುವಷ್ಟರಲ್ಲಿ ಅವನು ಅವಳಿಗೆ ಎಲ್ಲ ಹೇಳಿ ಆಗಿತ್ತು.

ಅವ್ವಿ ಹಿತ್ತಲ ಬಾಗಿಲಲ್ಲಿ ಕೂತು ಮರುದಿನದ ಬಸಳೆಗೆ ಬಾಳೆ ನಾರು ಕಟ್ಟುತ್ತಿದ್ದಳು. ನಾನು ಕೈಕಾಲು ತೊಳೆದು ಬಂದು ಪಕ್ಕಕ್ಕೆ ಕೂತೆ. ಅವಳು ತಲೆ ಎತ್ತಲಿಲ್ಲ.

“ಗೋಡೆ ಮೇಲಿಂದು ಎಲ್ಲದೆ?”

“ಚೀಲದಾಗೆ.”

“ಮೂಲೆ ಕಿತ್ತೋಗದ್ಯಂತೆ.”

“ಹೌದು.”

“ಯಾರ್ ಕಿತ್ತದ್ದು?”

“ಭಾವ. ನಾನೇ ಕೊಟ್ಟದ್ದು.”

ಎರಡು ಕಟ್ಟು ಕಟ್ಟಿದಳು. ಮೂರನೆಯದಕ್ಕೆ ನಾರು ಸಿಕ್ಕದೆ ತಡಕಾಡಿದಳು. ಎದುರಿಗೇ ಇತ್ತು.

“ನಂಗೆ ಎಂತಕ್ಕೆ ಹೇಳ್ಲಿಲ್ಲ?”

“ನಿಂಗೆ ಬೇಜಾರಾತದೆ ಅಂತ.”

“ಹೌದಾ? ನಾ ಈಗೆಂತ ಕುಣೀತಾ ಇದ್ನಾ?” ಎಂದಳು. “ಊರಿನವ್ರೆಲ್ಲ ತಿಳದ್ಮೇಲೆ ನಂಗ್ ತಿಳಿತು. ಝರಾಕ್ಸಿನವ ಕೊತ್ತಂಬ್ರಿ ತಕಂಬೂಕ್ ಬಂದವ ಹೇಳ್ತ. ನಾ ಹಾಳ್ ಮಾಡದ್ದು ನಂಗ್ ಹೇಳೂಕೆ ನಿಂಗ್ ಬಾಯಿಲ್ಲ.”

“ನೀ ಹಾಳ್ ಮಾಡ್ಲಿಲ್ಲ ಅವ್ವೀ.”

“ಮತ್ಯಾರ್ ಮಾಡದ್ದು, ಮಳಿಯಾ?”

ಚೀಲದಿಂದ ಅರ್ಜಿ ತೆಗೆದು ಎಲ್ಲ ಹೇಳಿದೆ. ಹಳೆಯದನ್ನು ಕೊಡಬೇಕು, ಅದು ತಿರುಗಿ ಬರುವುದಿಲ್ಲ, ಹೊಸದು ಬರಲು ತಿಂಗಳಾಗುತ್ತದೆ, ದಸರೆ ಮುಗಿದ ವಾರದ ಶುಕ್ರವಾರದೊಳಗೆ ಬರದಿದ್ದರೆ ನಾನು ಹೋಗುವುದಿಲ್ಲ. ಬಾರದಿದ್ದರೆ ಹಳೆಯದೂ ಇಲ್ಲ, ವಿಯೆಟ್ನಾಮೂ ಇಲ್ಲ. ಕೊಡದೆ ಗೋಡೆಯ ಮೇಲೇ ಇಟ್ಟರೆ ಪದವಿಯಾದರೂ ಮನೆಯಲ್ಲಿರುತ್ತದೆ. ಹೇಳುತ್ತ ಹೇಳುತ್ತ ನನಗೇ ಅನ್ನಿಸಿತು, ಬಿಟ್ಟುಬಿಡೋಣ ಎಂದು ಅವಳೇ ಹೇಳಲಿ ಎಂದು ನಾನು ಕಾಯುತ್ತಿದ್ದೇನೆ. ಆಗ ತಪ್ಪು ನನ್ನದಾಗುವುದಿಲ್ಲ.

ಅವಳು ಹೇಳಲಿಲ್ಲ. ಬಸಳೆಯನ್ನು ಬುಟ್ಟಿಯಲ್ಲಿ ಜೋಡಿಸಿ, ಒದ್ದೆ ಗೋಣಿ ಮುಚ್ಚಿ ಎದ್ದಳು.

“ನಾಳಿಗೆ ನಾನೂ ಬತ್ತೆ.”

ಕಾರವಾರ, ನಾಲ್ಕನೆಯ ಸಲ

ಅವ್ವಿ ಯಾರ ಮನೆಗೂ ಬರಿಗೈಯಲ್ಲಿ ಹೋದವಳಲ್ಲ. ಕಾಲೇಜಿನ ಕಚೇರಿಗೂ ಒಂದು ಮೊಗೆಕಾಯಿ, ಅಂದರೆ ಸಾಂಬಾರಿನ ಸೌತೆ, ತಂದಿದ್ದಳು, ಮೂರು ಸೇರು ತೂಗುವಂಥದ್ದು. ಕಿಟಕಿಯ ಕಟ್ಟೆಯ ಮೇಲೆ ಇಟ್ಟಳು.

ಗುಮಾಸ್ತೆ ಗಾಬರಿಯಾಗಿ ಅತ್ತಿತ್ತ ನೋಡಿದರು. “ಅಯ್ಯೋ, ಇದೆಲ್ಲ ಇಲ್ಲಿ ತಗೊಳ್ಳೂ ಹಾಗಿಲ್ಲಮ್ಮ.”

“ಲಂಚ ಅಲ್ಲ ಅಕ್ಕೋರೇ. ಮೊಗೆಕಾಯಿ.”

ಒಳಗೆ ಕೂತಿದ್ದ ಇನ್ನೊಬ್ಬರು ಕೆಮ್ಮಿದ ಹಾಗೆ ನಕ್ಕರು. ಗುಮಾಸ್ತೆ ಕಾಯಿಯನ್ನು ನಿಧಾನವಾಗಿ ನಮ್ಮ ಕಡೆಗೇ ಸರಿಸಿದರು. ಅವ್ವಿ ಮತ್ತೆ ಆ ಕಡೆಗೆ ಸರಿಸಿದಳು. ಕಡೆಗೆ ಅದು ಮಧ್ಯದಲ್ಲಿ ನಿಂತಿತು, ಅದನ್ನು ಸುತ್ತಿ ಬಳಸಿ ಕಾಗದ ಕೊಡುವುದು ತೆಗೆದುಕೊಳ್ಳುವುದು ನಡೆಯಿತು.

ಕಾರಣದ ಜಾಗ ಇನ್ನೂ ಖಾಲಿ ಇತ್ತು. “ಬರಿ,” ಎಂದಳು ಅವ್ವಿ. “ಅವ್ವಿ ಮಾಡದ್ದು ಅಂತ ಬರಿ.”

ನಾನು ಬರೆದೆ: “ಮಳೆಗಾಲದ ತೇವದಿಂದ ರಕ್ಷಿಸಲು ನನ್ನ ತಾಯಿಯವರು ಲ್ಯಾಮಿನೇಶನ್ ಮಾಡಿಸಿರುತ್ತಾರೆ.” ಓದಿ ಹೇಳಿದೆ. ಅವ್ವಿ ಎರಡು ಸಲ ಓದಿಸಿದಳು. ಗುಮಾಸ್ತೆಯೂ ಕಣ್ಣಾಡಿಸಿ ಸಹಿ ಹಾಕಿದರು.

ಪತ್ರ ಕೊಡುವ ಹೊತ್ತಿಗೆ ನಾನು ಕೈ ಚಾಚಿದೆ. ಅವ್ವಿ ನನ್ನ ಕೈಗೆ ಕೊಡಲಿಲ್ಲ. ಟವೆಲಿನಿಂದ ತೆಗೆದು ಸೆರಗಿನಿಂದ ಒರೆಸಿ ತಾನೇ ಕಿಟಕಿಯೊಳಗೆ ಕೊಟ್ಟಳು. ಗುಮಾಸ್ತೆ ಮೇಜಿನ ಮೇಲಿಟ್ಟು ಕೆಂಪು ಪೆನ್ನು ತೆಗೆದರು.

“ಅಕ್ಕೋರೇ,” ಎಂದಳು ಅವ್ವಿ. “ನಾವ್ ಹೋದ್ಮೇಲೆ ಗೆರೆ ಎಳೀರಿ.”

ಅವರು ಪೆನ್ನಿನ ಟೊಪ್ಪಿ ಹಾಕಿದರು.

ಹೊರಗೆ ಬಂದ ಮೇಲೆ ಅವ್ವಿ ಬರಿ ಟವೆಲನ್ನು ಮಡಿಸಿ ಕಂಕುಳಲ್ಲಿಟ್ಟುಕೊಂಡು ಬಸ್‌ಸ್ಟ್ಯಾಂಡಿನವರೆಗೂ ನಡೆದಳು. ಬಸ್ಸಿನಲ್ಲಿ ಕೂತ ಮೇಲೆ, “ಆ ಹೆಂಗ್ಸು ಒಳ್ಳೇದು,” ಅಂದಳು. ಅಷ್ಟೇ.

ಕಾಯುವ ದಿನಗಳು

ಇವುಗಳ ಬಗ್ಗೆ ಬರೆಯಲು ಹೆಚ್ಚಿಗೆ ಇಲ್ಲ. ಐದನೆಯ ಸಲ ಹೋದಾಗ ಬಂದಿರಲಿಲ್ಲ. ಆರನೆಯ ಸಲ ಹೋದಾಗ ಕಚೇರಿಗೆ ರಜೆ. ಏಳನೆಯ ಸಲ, ಅರ್ಜಿ ವಿಶ್ವವಿದ್ಯಾಲಯ ಮುಟ್ಟಿದೆ ಎಂಬ ಸುದ್ದಿ. ಎಂಟನೆಯ ಸಲ ಗುಮಾಸ್ತೆ ನನ್ನನ್ನು ದೂರದಿಂದ ಕಂಡೇ ತಲೆ ಅಲ್ಲಾಡಿಸಿದರು, ಕಿಟಕಿಯವರೆಗೆ ಹೋಗುವ ಕೆಲಸ ತಪ್ಪಿತು. ತಿರುಗಿ ಹೊರಟವಳನ್ನು ಕರೆದು, ಇನ್ನು ಫೋನು ಮಾಡಿ ಹೇಳುತ್ತೇನೆ ಎಂದು ಅವರು ನಂಬರು ಬರೆದುಕೊಂಡರು. ಆಮೇಲೆ ಫೋನು ನನ್ನ ಕೈಗೆ ಅಂಟಿತು. ಹ್ಯಾಚರಿಯಲ್ಲಿ ನೀರಿನ ಮಾದರಿ ತೆಗೆಯುವಾಗ ಅದು ತೊಟ್ಟಿಗೆ ಬಿತ್ತು, ಮರಿಗಳ ನಡುವಿನಿಂದ ಹೆಕ್ಕಿ ತೆಗೆದು ಅಕ್ಕಿಯ ಡಬ್ಬದಲ್ಲಿ ಇಟ್ಟೆ. ಒಂದು ದಿವಸ ಅದು ಮಾತಾಡಲಿಲ್ಲ. ಆ ದಿವಸ ನಾನೂ ಯಾರ ಹತ್ತಿರವೂ ಮಾತಾಡಲಿಲ್ಲ.

ಈ ನಡುವೆ ಅವ್ವಿ ಚೀಲ ತುಂಬುತ್ತಿದ್ದಳು. ಹೋಗುವುದು ಖಾತ್ರಿಯಿಲ್ಲ ಎಂದರೆ, “ತುಂಬಿಟ್ರೆ ಎಂತಾ, ತೆಗೂಕ್ ಬರೂದಿಲ್ಯಾ?” ಎನ್ನುವಳು. ಹುಳಿಗೆ ಮುರುಗಲು ಸಿಪ್ಪೆ, ಸುಟ್ಟ ಹಪ್ಪಳ, ಒಣ ಶೆಟ್ಲಿ ಎರಡು ಪೊಟ್ಟಣ. ನಾನು ತೆಗೆದಿಡುವುದು, ಅವಳು ಮತ್ತೆ ಹಾಕುವುದು. ಅಪ್ಪ ಗದ್ದೆಯಿಂದ ಬಂದು ಚೀಲವನ್ನು ಎತ್ತಿ ನೋಡಿ, “ಭತ್ತದ ಚೀಲಕ್ಕಿಂತ ಹಗೂರ ಅದೆ,” ಎಂದು ಹೋಗುತ್ತಿದ್ದ. ಅಂತೂ ಒಣ ಶೆಟ್ಲಿ ಚೀಲದಲ್ಲೇ ಉಳಿಯಿತು. ಆಮೇಲೆ ನೋಡಿದರೆ ಆ ದೇಶದಲ್ಲಿ ರಸ್ತೆಯ ಎರಡೂ ಬದಿಗೆ, ಮೈಲಿಗಟ್ಟಲೆ, ಬಿದಿರಿನ ತಟ್ಟೆಗಳ ಮೇಲೆ ಒಣ ಹಾಕಿದ್ದು ಶೆಟ್ಲಿಯೇ. ಮಧ್ಯಾಹ್ನವಾದರೆ ಅಲ್ಲಿ ಅಂಗಡಿಯವರು, ಮಷೀನಿನವರು, ಎಲ್ಲರೂ ಬಲೆಯ ಜೋಲಿ ಕಟ್ಟಿಕೊಂಡು ಒಂದು ನಿದ್ದೆ ತೆಗೆಯುತ್ತಾರೆ. ಯಾರಿಗೂ ನಾಚಿಕೆಯಿಲ್ಲ. ಆ ಜೋಲಿಗಳನ್ನು ಕಂಡಾಗೆಲ್ಲ ಆ ಕಾಯುವ ದಿನಗಳು ನೆನಪಾಗಿ, ಆಗ ಅಂಥ ಒಂದು ನಿದ್ದೆ ಸಿಕ್ಕಿದ್ದರೆ ಎಂದು ಅನ್ನಿಸುತ್ತಿತ್ತು.

ದಸರೆ ಬಂತು. ಪೂಜೆಗೆ ಕತ್ತಿ, ಹಾರೆ, ಅಪ್ಪನ ಸೈಕಲ್ಲು ಇಟ್ಟರು. ದೇವರ ಪಟಗಳ ಪಕ್ಕ ಮೊಳೆ ಬರಿದಾಗಿತ್ತು. ಅವ್ವಿ ಕುಂಕುಮದ ಬಟ್ಟಲು ಹಿಡಿದು ಅಲ್ಲಿ ಒಂದು ಗಳಿಗೆ ನಿಂತಳು, ಆಮೇಲೆ ಸೈಕಲ್ಲಿನ ಕಡೆ ಹೋದಳು. ನಾನು ಹೊರಗೆ ಅಂಗಳಕ್ಕೆ ಬಂದೆ.

ದಸರೆ ಮುಗಿದ ಸೋಮವಾರ ಫೋನು ಬರಲಿಲ್ಲ. ಮಂಗಳವಾರ ಬರಲಿಲ್ಲ. ಬುಧವಾರ ಮ್ಯಾನೇಜರರು ನನ್ನನ್ನು ಕರೆದು, ಕುಮಟೆಯವನಿಗೆ ತಯಾರಾಗಿರಲು ಹೇಳಿದ್ದೇನೆ, ಬೇಸರ ಮಾಡಿಕೊಳ್ಳಬೇಡ ಎಂದರು. ನಾನು ಆಯಿತು ಎಂದು ಹೇಳಿ ಹೋಗಿ ಆ ದಿನದ ನೀರು ಪರೀಕ್ಷೆ ಮಾಡಿದೆ. ಅಮೋನಿಯಾ ಎರಡು ಸಲ ತಪ್ಪು ಬಂತು. ಮೂರನೆಯ ಸಲ ಸರಿಯಾಯಿತು.

ಗುರುವಾರ ಹತ್ತೂವರೆಗೆ ಫೋನು ಬಂತು.

ಕಾರವಾರ, ಒಂಬತ್ತನೆಯ ಸಲ

ಅಂಕೋಲೆಯಲ್ಲಿ ಅವ್ವಿ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ತರಕಾರಿ ಮುಟ್ಟಿದ ಕೈಯಲ್ಲೇ ಬಸ್ಸು ಹತ್ತಿದಳು. ಬಸ್ಸು ತುಂಬಿತ್ತು. ಬಿಣಗಾ ದಾಟುವವರೆಗೆ ಇಬ್ಬರೂ ನಿಂತೇ ಇದ್ದೆವು. ಘಟ್ಟದ ತಿರುವಿನಲ್ಲಿ ಕಡಲು ಕಂಡಾಗ ಅವಳು ನೋಡಲಿಲ್ಲ, ಎದುರಿನ ರಸ್ತೆಯನ್ನೇ ನೋಡುತ್ತಿದ್ದಳು.

ಕಿಟಕಿಯಲ್ಲಿ ಗುಮಾಸ್ತೆ ಪುಸ್ತಕದಲ್ಲಿ ನನ್ನ ಸಹಿ ಹಾಕಿಸಿಕೊಂಡರು. ಆಮೇಲೆ ಕಂದು ಲಕೋಟೆಯಿಂದ ಪತ್ರ ತೆಗೆದು ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ನನಗಲ್ಲ, ಅವ್ವಿಗೆ.

ಅವ್ವಿ ಕೈಯನ್ನು ಸೀರೆಗೆ ಒರೆಸಿಕೊಂಡಳು, ಸಾಲದೆಂದು ಇನ್ನೊಮ್ಮೆ ಒರೆಸಿಕೊಂಡಳು. ಅಂಚು ಮಾತ್ರ ಮುಟ್ಟಿ ಹಿಡಿದಳು. ಕಾಗದ ತೆಳ್ಳಗಿತ್ತು, ಫ್ಯಾನಿನ ಗಾಳಿಗೆ ಅವಳ ಕೈಯಲ್ಲಿ ನಡುಗುತ್ತಿತ್ತು. ಹೆಸರು ಎಲ್ಲಿದೆ ಎಂದು ಅವಳ ಬೆರಳು ಹುಡುಕಿತು. ಇದರಲ್ಲಿ ಹೆಸರು ಸ್ವಲ್ಪ ಕೆಳಗಿತ್ತು. ನಾನು ತೋರಿಸಿದೆ. ಮುಟ್ಟದೆ, ಒಂದು ಕಾಳಿನಷ್ಟು ಎತ್ತರದಲ್ಲಿ ಬೆರಳನ್ನು ಆಡಿಸಿದಳು.

“ಬೇಗ ಬಾ ಅವ್ವೀ, ಏಜೆಂಟರ ಹತ್ರ ಹೋಗ್ಬೇಕು,” ಎಂದೆ.

ಅವಳು ಪತ್ರವನ್ನು ಲಕೋಟೆಗೆ ತಾನೇ ಹಾಕಿ ನನ್ನ ಕೈಗೆ ಕೊಟ್ಟಳು.

“ಇದ್ಕೆ ಪ್ಲಾಸ್ಟಿಕ್ ಹಾಕಸೂದಿಲ್ಲ,” ಅಂದಳು. “ನಿಂಗೆ ಇನ್ನೂ ಎಲ್ಲೆಲ್ಲಿ ಹೋಗೂದ್ ಅದ್ಯೋ.”